ಕಂಪೌಂಡ್ ಗೋಡೆಯ ತೋಳ

ಮನಗೂಳಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಶಿಕ್ಷಕಿ. ಅಂದರೆ ಧ್ವಜಾರೋಹಣಕ್ಕೆ ರಂಗೋಲಿ, ಬೀಳ್ಕೊಡುಗೆಗೆ ಬ್ಯಾನರು, ಸಾಹೇಬರು ಬರುವ ದಿನ ಕಪ್ಪು ಹಲಗೆಯ ಮೇಲೆ ಬಣ್ಣದ ಸುಸ್ವಾಗತ. ಹೀಗಾಗಿ ಊರಲ್ಲಿ ವನ್ಯಜೀವಿ ಜಾಗೃತಿ ಸಮಿತಿಯೊಂದು ಹುಟ್ಟಿಕೊಂಡು, ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಪ್ರಾಣಿಗಳನ್ನು ಬರೆಸಬೇಕೆಂದು ಠರಾವು ಮಾಡಿದಾಗ ಬ್ರಷ್ಷು ಸೀದಾ ನನ್ನ ಕೈಗೆ ಬಂತು.

ಸಮಿತಿಯ ಅಧ್ಯಕ್ಷರು ಗೊಬ್ಬರ ಮತ್ತು ಕ್ರಿಮಿನಾಶಕದ ಅಂಗಡಿಯ ಸಾಹುಕಾರರು. ಪ್ರಾಣಿಗಳೆಂದರೆ ಅವರಿಗೆ ಬಲು ಪ್ರೀತಿ. ಮನೆಯ ಮುಂದೆ ಸಿಮೆಂಟಿನ ಎರಡು ಜಿಂಕೆಗಳನ್ನು ನಿಲ್ಲಿಸಿ ಪ್ರತಿ ದೀಪಾವಳಿಗೆ ಬಣ್ಣ ಹೊಡೆಸುತ್ತಾರೆ.

"ಹುಲಿ ಬರೀರಿ, ಸಿಂಹ ಬರೀರಿ, ಒಂದು ಜಿರಾಫಿನೂ ಇರ್ಲಿ. ಗ್ವಾಡಿ ಉದ್ದ ಐತಿ" ಅಂದರು.

"ನಮ್ಮ ಕಡೆ ಜಿರಾಫಿ ಎಲ್ಲೈತ್ರಿ ಸಾವ್ಕಾರ್ರ?"

"ಇಲ್ಲಂತನ ಉಳಸಬೇಕಲ್ರಿ ಅಕ್ಕೋರ!"

ಪಕ್ಕದಲ್ಲಿದ್ದ ನಮ್ಮ ಹೆಡ್ ಮಾಸ್ತರರು ಈ ಮಾತಿಗೆ ಗಂಭೀರವಾಗಿ ಗೋಣು ಹಾಕಿದರು. ಅಧ್ಯಕ್ಷರ ಯಾವ ಮಾತಿಗೆ ಅವರು ಗೋಣು ಹಾಕಿಲ್ಲವೋ ನಾನರಿಯೆ.

ನಾನು ಪಟ್ಟು ಬಿಡಲಿಲ್ಲ. ನಮ್ಮ ಹೊಲದಲ್ಲಿ ಓಡುವ ಚಿಗರಿ, ನರಿ, ಉಡ, ಚಳಿಗಾಲದಲ್ಲಿ ಕೊಲ್ಹಾರದ ಹಿನ್ನೀರಿಗೆ ಬಂದಿಳಿಯುವ ಹಕ್ಕಿಗಳು, ಇವುಗಳ ನಡುವೆ ಆಳೆತ್ತರದ ಒಂದು ತೋಳ: ನಮ್ಮ ಮಕ್ಕಳಿಗೆ ನಮ್ಮ ನೆಲದ ಜೀವಿಗಳು ಗೊತ್ತಾಗಬೇಡವೇ ಎಂದು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಭಾಷಣವನ್ನೇ ಮಾಡಿದೆ. ಒಂದು ವಿಷಯ ಮಾತ್ರ ಹೇಳಲಿಲ್ಲ. ನಾನೂ ತೋಳವನ್ನು ಕಂಡವಳಲ್ಲ. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೆಳೆದ ನನಗೆ ಗೊತ್ತಿದ್ದ ವನ್ಯಜೀವಿ ಎಂದರೆ ಹಲ್ಲಿ, ಜಿರಳೆ ಮತ್ತು ನಮ್ಮ ಮನೆ ಮಾಲೀಕರು.

ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕ ತೋಳಗಳೆಲ್ಲ ಹಿಮದಲ್ಲಿ ನಿಂತಿದ್ದವು. ನಮ್ಮ ಎರೆಹೊಲಕ್ಕೆ ಅವು ಹೊಂದುವುದಿಲ್ಲವೆಂದು, ಮನೆಯ ನಾಯಿಗೆ ಬಿಸ್ಕತ್ತು ತೋರಿಸಿ ನಿಲ್ಲಿಸಿಕೊಂಡು ಗೆರೆ ಎಳೆದುಕೊಂಡೆ. ಶಾಲೆ ಬಿಟ್ಟ ಮೇಲೆ ದಿನಕ್ಕೆರಡು ತಾಸಿನಂತೆ ಒಂದು ವಾರ ಗೋಡೆಯ ಮುಂದೆ ನಿಂತೆ. ಮುಗಿದ ದಿನ ಹೆಡ್ ಮಾಸ್ತರರು ಬಂದು, ಕೈ ಹಿಂದೆ ಕಟ್ಟಿ ನೋಡಿ, "ನಾಯಿ ಭಾಳ ಚೊಲೊ ಬಂದೈತ್ರಿ" ಅಂದರು.

ನಾನು ಸಿಟ್ಟಿನಿಂದ ಕೆಳಗೆ ದೊಡ್ಡ ಅಕ್ಷರದಲ್ಲಿ 'ತೋಳ' ಎಂದು ಬರೆದೆ. ಸಂಜೆ ಅಧ್ಯಕ್ಷರು ಸ್ಕೂಟರ್ ನಿಲ್ಲಿಸಿ ಅದನ್ನು ಓದಿಯೂ ಕೇಳಿದರು: "ನಾಯಿ ಯಾಕ ಬರದ್ರಿ ಅಕ್ಕೋರ? ಅದನ್ನೇನ ಉಳಸೂದು ಬ್ಯಾಡ. ಊರಾಗ ರಗಡ ಅದಾವ."

ಇವರಿಗೆ ಕಲೆಯೂ ತಿಳಿಯದು, ಕಾಡೂ ತಿಳಿಯದು ಎಂದು ಎರಡು ದಿನ ಎಲ್ಲರ ಮೇಲೂ ಮುನಿಸಿಕೊಂಡೆ. ಮೂರನೆಯ ದಿನ ಶಾಲೆಯ ಮುಂದಿನ ರಸ್ತೆಯಲ್ಲಿ ಒಂದು ಕುರಿಹಿಂಡು ಬಂತು. ಅದರ ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ, ನನ್ನ ತಾಯಿಯ ವಯಸ್ಸಿನ ಕುರಿಗಾಹಿ ಹೆಂಗಸು. ಗೋಡೆಯ ಮುಂದೆ ನಿಂತಳು. ಆಕೆಗೆ ಓದು ಬಾರದು. ನನ್ನ ದೊಡ್ಡ ಅಕ್ಷರ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

"ಇದು ಯಾರ ಮನಿ ನಾಯಿರಿ ಅಕ್ಕೋರ?"

"ಯವ್ವಾ, ಅದು ತೋಳ."

ಆಕೆ ನಗಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಮಕ್ಕಳ ತಪ್ಪು ಲೆಕ್ಕ ತಿದ್ದುವವಳ ಹಾಗೆ ಹತ್ತಿರ ಬಂದು ಕೋಲಿನಿಂದ ತೋರಿಸಿದಳು. "ತ್ವಾಳ ಹಿಂಗ ಬಾಲ ಸುತ್ತಿ ಮ್ಯಾಲ ಎತ್ತಂಗಿಲ್ರಿ. ಕೆಳಗ ಜೋತು ಬಿದ್ದಿರ್ತೈತಿ. ಎದಿ ಇಷ್ಟ ಅಗಲ ಇರಂಗಿಲ್ಲ, ಕಾಲು ಉದ್ದ. ಮತ್ತ ಇದರ ಮಾರಿ ನೋಡ್ರಿ, ಏನೋ ಬೇಡಾಕತ್ತೈತಿ. ತ್ವಾಳ ಯಾರನ್ನೂ ಬೇಡಂಗಿಲ್ಲ."

ಬಿಸ್ಕತ್ತಿನ ಗುಟ್ಟು ಆಕೆಗೆ ಹೇಗೆ ಗೊತ್ತಾಯಿತೋ! ಆಕೆಯ ಕೈಗೆ ಚಾಕ್‌ಪೀಸು ಕೊಟ್ಟೆ. ಆಕೆ ಎಳೆದ ನಾಲ್ಕು ಸೊಟ್ಟ ಗೆರೆಗಳ ಮೇಲೆ ಮತ್ತೆ ಬಣ್ಣ ಹಚ್ಚಿದೆ. ಬಿ.ಇಡಿ. ಇಲ್ಲದವಳಿಂದ ಕಲಿತ ನನ್ನ ಮೊದಲ ಪಾಠ ಅದು. ಗೋಡೆಯ ಉದ್ಘಾಟನೆಗೆಂದು ಸಮಿತಿಯವರು ಇಟ್ಟುಕೊಂಡಿದ್ದ ಕಾರ್ಯಕ್ರಮದ ದಿನ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡೆ. "ಕುರಿ ಅಲ್ಲೇ ಹತ್ರ ಮೇಯ್ತಿದ್ರ ಬರ್ತೇನ್ರಿ" ಅಂದಳು.

ಬಂದಳು. ಕಾರ್ಯಕ್ರಮಕ್ಕೆ ಬಸವನ ಬಾಗೇವಾಡಿಯಿಂದ ಕರೆಸಿದ್ದ ಮುಖ್ಯ ಅತಿಥಿಗಳು ಒಂದು ತಾಸು ತಡವಾಗಿ ಬಂದು, ಆ ತಾಸನ್ನು ಭಾಷಣದಲ್ಲಿ ತುಂಬಿಕೊಟ್ಟರು. ಹುಲಿಯ ಬಗ್ಗೆಯೇ ಮಾತನಾಡಿದರು. ಮಕ್ಕಳು ಬಿಸಿಲಲ್ಲಿ ಕುಳಿತು ಹುಲಿಗಾಗಿ ಬೆವರಿದರು. ಕುರಿಗಾಹಿಗೆ ಶಾಲು ಹೊದಿಸಿ, ಸಮಯದ ಅಭಾವವೆಂದು ಕೂಡಿಸುವುದರಲ್ಲಿದ್ದರು. ನಾನು ಅಡ್ಡ ಬಂದು ಮೈಕು ಆಕೆಯ ಬಾಯಿಗೆ ಹಿಡಿದೆ. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ತಾವೇ ಪ್ರಶ್ನೆ ಕೇಳಿದರು.

"ಹೇಳವ್ವ, ತ್ವಾಳ ಬಂದ್ರ ಏನ ಮಾಡ್ತಿ? ಕೊಲ್ತಿ?"

"ಇಲ್ರಿ. ಒದರಾಡಿ ಓಡಸ್ತೇವಿ. ಒಮ್ಮೊಮ್ಮೆ ಮರಿ ಒಯ್ತೈತಿ, ಅಳ್ತೇವಿ, ಬೈತೇವಿ. ಸತ್ತ ಕುರಿಗೆ ಎಣ್ಣಿ ಸವರಿ ಇಡೋ ಮಂದಿ ಬ್ಯಾರೆ ಅದಾರ್ರಿ. ಅದನ್ನ ತಿಂದು ತ್ವಾಳ ಸಾಯ್ತಾವ. ನಮ್ಮ ನಾಯಿ ಎರಡು ಸತ್ತೂವು." ಸ್ವಲ್ಪ ನಿಂತು, ಯಾವ ಕುಹಕವೂ ಇಲ್ಲದೆ ಸೇರಿಸಿದಳು: "ನಿಮ್ಮ ಅಂಗಡ್ಯಾಗ ಸಿಗ್ತೈತಲ್ರಿ ಸಾವ್ಕಾರ್ರ, ಬೆಳಿಗೆ ಹೊಡಿಯೂ ಎಣ್ಣಿ, ಅದನ್ನ."

ನಿರೂಪಣೆ ಮಾಡುತ್ತಿದ್ದ ನಮ್ಮ ಸಮಾಜ ವಿಜ್ಞಾನದ ಸರ್ ಎದ್ದು, "ಅತ್ಯಂತ ಮೌಲಿಕವಾದ ಮಾತುಗಳು" ಎಂದರು. ಚಪ್ಪಾಳೆಯಾಯಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಧ್ಯಕ್ಷರೇ. ಮಾರನೆಯ ದಿನವೂ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯಿತು. ಎಣ್ಣೆಯ ಡಬ್ಬಿಗಳು ಮಾತ್ರ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಸರಿದಿದ್ದವು. ನಮ್ಮ ತಾಲೂಕಿನಲ್ಲಿ ಪಶ್ಚಾತ್ತಾಪ ಸಾಮಾನ್ಯವಾಗಿ ಅಷ್ಟೇ ದೂರ ಸರಿಯುತ್ತದೆ.

ಆಕೆಯನ್ನು ಪ್ರತಿ ಶನಿವಾರ ಶಾಲೆಗೆ ಕರೆಯೋಣವೆಂದೆ. "ವಿದ್ಯಾರ್ಹತೆ ಏನಂತ ಬರೀಲಿ?" ಎಂದು ಹೆಡ್ ಮಾಸ್ತರರು ಪೆನ್ನು ಮುಚ್ಚಿಟ್ಟರು. ಹಾಗಾಗಿ ನಾನೇ ಒಂಬತ್ತನೇ ತರಗತಿಯವರನ್ನು ಕಟ್ಟಿಕೊಂಡು, ಆಕೆಯ ಹಿಂದೆ ಊರಾಚೆಯ ಗಾಯರಾಣಕ್ಕೆ, ದನಕರು ಮೇಯುವ ಆ ಬಯಲಿಗೆ, ಮೂರು ಶನಿವಾರ ಹೋದೆ. ತೋಳ ನಮಗೆ ಕಾಣಲಿಲ್ಲ. ಮೂವತ್ತು ಮಕ್ಕಳ ಗದ್ದಲಕ್ಕೆ ಯಾವ ಮರ್ಯಾದಸ್ಥ ತೋಳ ಬಂದೀತು? ಆದರೆ ಅದರ ಹೆಜ್ಜೆ ಕಂಡಿತು. ಕೂದಲು ತುಂಬಿದ ಅದರ ಒಣ ಹೇಲು ಸಿಕ್ಕಿತು. ಚಿಗರಿಯ ಹಿಕ್ಕೆಗೂ ಕುರಿಯ ಹಿಕ್ಕೆಗೂ ಇರುವ ಫರಕನ್ನು ಆಕೆ ಅಂಗೈಯಲ್ಲಿಟ್ಟು ಹೇಳಿಕೊಟ್ಟಳು. ಮೊದಲು ಮೂಗು ಮುಚ್ಚಿಕೊಂಡ ಹುಡುಗಿಯರೇ ಆಮೇಲೆ ಅದಕ್ಕಾಗಿ ಜಗಳವಾಡಿದರು. ನಾಲ್ಕನೆಯ ವಾರ ಆಕೆ ಹಿಂಡು ಹೊಡೆದುಕೊಂಡು ತಂಗಡಗಿಯ ಹೊಳೆಸಾಲಿಗೆ ಹೋದಳು. ಹೇಳಿ ಹೋಗಲಿಲ್ಲ. ನನಗೆ ಒಂದಿಷ್ಟು ದಿನ ಸಪ್ಪೆಯೆನಿಸಿತು.

ತಂದ ಹಿಕ್ಕೆಗಳನ್ನೆಲ್ಲ ಮಕ್ಕಳು ಗಾಜಿನ ಬಾಟಲಿಗಳಲ್ಲಿ ಹಾಕಿ, ಚೀಟಿ ಅಂಟಿಸಿ, ತರಗತಿಯ ಕಿಟಕಿಯಲ್ಲಿ ಜೋಡಿಸಿದರು. ಮುಂದಿನ ತಿಂಗಳು ತಪಾಸಣೆಗೆ ಬಂದ ಸಾಹೇಬರು ಒಂದು ಬಾಟಲಿಯ ಮುಚ್ಚಳ ತೆಗೆದು, ಎರಡು ಕಾಳು ಅಂಗೈಗೆ ಸುರಿದುಕೊಂಡು, "ಇದು ಯಾವ ಬೀಜ?" ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಸ್ಪಷ್ಟವಾಗಿ ಹೇಳಿದಳು, ಯಾವ ಪ್ರಾಣಿಯದು, ಎಷ್ಟು ದಿನದ ಹಿಂದಿನದು, ಅದು ಏನು ತಿಂದಿತ್ತು ಎಂಬುದನ್ನೂ ಸೇರಿಸಿ.

ಸಾಹೇಬರು ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದರು. ವರದಿಯಲ್ಲಿ ಹೀಗೆ ಬರೆದು ಹೋದರು: ಗೋಡೆ ಚಿತ್ರಗಳು ಉತ್ತಮವಾಗಿವೆ, ಸ್ವಚ್ಛತೆಯ ಕಡೆ ಗಮನ ಕೊಡಬೇಕು.