ಒಂಬತ್ತು ಏಟು, ಎರಡು ಕೊಸರು

ಹೋದ ಸೋಮವಾರ ನಮ್ಮ ಕಾಶಿನಾಥ ಕಾಕಾ ಭೂಮಿತಾಯಿಗೆ ಎರಡು-ಮೂರು ಏಟು ಜಾಸ್ತಿ ಹಾಕಿದರು. ಅದೂ ಬರೀ ಬಾಯಿಮಾತಿನಲ್ಲಿ. ಅದನ್ನು ಮರುಮಾತಿಲ್ಲದೆ ರಿಜಿಸ್ಟರಿನಲ್ಲಿ ಬರೆದುಕೊಂಡವನು ನಿಮ್ಮ ಈ ಅಂಕಣಕಾರ.

ಗಾಬರಿಯಾಗಬೇಡಿ, ಪೊಲೀಸ್ ಕೇಸೇನೂ ಆಗಿಲ್ಲ. ಮೊದಲಿಂದ ಹೇಳುತ್ತೇನೆ.

ಔರಾದ ಶಹಾಜನಿಯಿಂದ ನಿಲಂಗಾ ಕಡೆಗೆ ಬರುವಾಗ ತೇರಣಾ ನದಿಯ ದಂಡೆಗೆ ನಮ್ಮೂರು. ಊರಲ್ಲಿ ಶಾಲೆ ಇರುವುದು ಏಳನೆಯ ತರಗತಿಯವರೆಗೆ. ಮುಂದೆ ಕಲಿಯಬೇಕಾದರೆ ಬಸ್ಸು ಹತ್ತಿ ಔರಾದಕ್ಕೆ ಹೋಗಬೇಕು. ಗಂಡು ಹುಡುಗರು ಬಸ್ಸಿನ ಬಾಗಿಲಿಗೆ ಜೋತುಬಿದ್ದಾದರೂ ಹೋಗುತ್ತಾರೆ. ಹುಡುಗಿಯರನ್ನು ಮನೆಯವರು ಬಿಡಿಸಿಬಿಡುತ್ತಾರೆ. ಅದಕ್ಕಾಗಿ ಊರಲ್ಲೇ ಹೈಸ್ಕೂಲು ಕಟ್ಟಲು ಒಂದು ಕಮಿಟಿಯಾಯಿತು. ಜಾಗ ಕೊಡುತ್ತೇನೆ ಎಂದವರು ನನ್ನ ಅಪ್ಪನ ತಮ್ಮ ಕಾಶಿನಾಥ ಕಾಕಾ. ಔರಾದದಲ್ಲಿ ನಲವತ್ತು ವರ್ಷ ಕಾಳಿನ ವ್ಯಾಪಾರ ಮಾಡಿ ಈಗ ಹೊಲ ನೋಡಿಕೊಂಡಿದ್ದಾರೆ.

ಕಾಕಾಗೆ ಎರಡು ಹೊಲ. ಒಂದು ನದಿದಂಡೆಯದು. ಕಬ್ಬು ಹಾಕಿದರೆ ಆನೆ ಹೊಕ್ಕರೂ ಕಾಣಬಾರದು, ಅಂಥ ಹೊಲ. ಇನ್ನೊಂದು ಊರ ಮೇಲಿನ ಮಾಳದ್ದು. ಅಲ್ಲಿ ಒಂದು ಗೇಣು ಕೆದರಿದರೆ ಗರಸುಮಣ್ಣಿನ ಮುರುಮು, ಎರಡು ಮೊಳ ಕೆದರಿದರೆ ಕಲ್ಲು. ಆಡುಗಳು ಕೂಡ ಅಲ್ಲಿಗೆ ಬೇಸರದಿಂದ ಹೋಗುತ್ತವೆ. ಶಾಲೆಗೆಂದು ಕಾಕಾ ಕೊಟ್ಟದ್ದು ದಂಡೆಯ ಹೊಲ. ಅವರ ಮಗಳು ಸುನಂದಾಳ ಹೆಸರಿನಲ್ಲಿ.

ಸುನಂದಾ ನನ್ನ ವಾರಿಗೆಯವಳು. ಪಾಟಿಯ ಮೇಲೆ ನನಗಿಂತ ಚಂದ ಬರೆಯುತ್ತಿದ್ದಳು, ಅದನ್ನು ದಿನಕ್ಕೆ ನಾಲ್ಕು ಸಲ ನನಗೆ ತೋರಿಸುತ್ತಲೂ ಇದ್ದಳು. ತೊಂಬತ್ತಮೂರರ ಗಣಪತಿ ಹಬ್ಬಕ್ಕೆ ಲೋಹಾರಾ ಕಡೆ ತಾಯಿಯ ತವರಿಗೆ ಹೋದಳು. ಕಲ್ಲು-ಮಣ್ಣಿನ ದಪ್ಪ ಗೋಡೆಯ ಮನೆ. ಭೂಕಂಪ ಅಂದರೇನೆಂದು ನಮ್ಮ ಭಾಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅವಳು ತಿರುಗಿ ಬರಲಿಲ್ಲ.

ಹಾಗಾಗಿ ಎರಡಂತಸ್ತಿನ ಶಾಲೆ ಎಂದ ಕೂಡಲೇ ಮೊದಲು ನೆಲದ ಪರೀಕ್ಷೆ ಆಗಲಿ ಎಂದಿತು ಕಮಿಟಿ. ಬಂದವರು ಸೋಲಾಪುರದ ಇಂಜಿನಿಯರ್ ಪ್ರಾಜಕ್ತಾ ಮ್ಯಾಡಮ್. ಜೊತೆಗೆ ಮೂರು ಕಾಲಿನ ಕಬ್ಬಿಣದ ಕುದುರೆ, ಒಂದು ಇಂಜಿನ್, ಕೊಳವೆಗಳು. ಕೆಲಸ ನೋಡಲು ಸರಳ. ನೆಲದಲ್ಲಿ ತೂತು ಕೊರೆಯುವುದು. ಒಂದೊಂದು ಆಳಕ್ಕೆ ನಿಂತು, ಅರವತ್ತಮೂರೂವರೆ ಕಿಲೋದ ಭಾರವನ್ನು ಎತ್ತಿ, ತೂತಿನಲ್ಲಿ ನಿಲ್ಲಿಸಿದ ಕಬ್ಬಿಣದ ಸಳಿಯ ತಲೆಯ ಮೇಲೆ ಬಿಡುವುದು. ಸಳಿಯ ಮೇಲೆ ಸೀಮೆಸುಣ್ಣದ ಮೂರು ಗೆರೆ. ಮೊದಲ ಗೆರೆಯವರೆಗಿನ ಏಟು ಲೆಕ್ಕಕ್ಕಿಲ್ಲ. ಮುಂದಿನ ಎರಡು ಗೆರೆ ಇಳಿಯಲು ಎಷ್ಟು ಏಟು ಬೇಕಾಯಿತು, ಅದನ್ನು ಬರೆಯುವುದು. ಏಟು ಹೆಚ್ಚಾದಷ್ಟೂ ನೆಲ ಗಟ್ಟಿ. ಕಡಿಮೆಯಾದರೆ? ಅದರ ಜೊತೆ ಮರಳೂ ಇದ್ದು, ನೀರೂ ಮೇಲಿದ್ದರೆ? ಆಗ ಯೋಚಿಸಬೇಕು ಎಂದರು ಮ್ಯಾಡಮ್. ಕಾಕಾ ಎಲ್ಲ ಕೇಳಿಸಿಕೊಂಡರು.

ಲೆಕ್ಕ ಬರೆಯುವವ ಜ್ವರ ಬಂದು ಔರಾದದ ಡಾಕ್ಟರ ಹತ್ತಿರ ಹೋಗಿದ್ದ. ಮಣ್ಣಿನ ಮಾದರಿ ಚೀಲಕ್ಕೆ ತುಂಬಿ ಹೆಸರು ಬರೆಯುವುದರಲ್ಲಿ ಮ್ಯಾಡಮ್ ಮುಳುಗಿದ್ದರು. ಎಣಿಸಲು ಯಾರಾದರೂ ಬೇಕು ಎಂದಾಗ ಕಾಕಾ ಎದೆಯುಬ್ಬಿಸಿ ಮುಂದೆ ಬಂದರು.

"ನಲವತ್ತ್ ವರ್ಷ ಸೇರು ಹಿಡದು ಅಳದೀನ್ರಿ ಬಾಯಿ. ಎಣಿಸೂದು ನಮಗ ಬಿಡ್ರಿ. ತಮ್ಮಾ, ನೀ ಬರಕೊ."

ಬಾಯಿ ಎಂದರೆ ಮ್ಯಾಡಮ್, ತಮ್ಮಾ ಎಂದರೆ ನಾನು. ಉದಗೀರದ ನನ್ನ ಮನೆಯಿಂದ ಹೊಲದ ಸಾತ್-ಬಾರಾ (ಪಹಣಿ) ಕಾಗದ ಒಯ್ಯಲು ಬಂದವನು ಕ್ಷಣದಲ್ಲಿ ವಿಜ್ಞಾನಿಯಾದೆ.

ಈಗ ಒಂದು ಮಾತು. ಹಳೆಯ ಕಾಲದ ಕಾಳಿನ ವ್ಯಾಪಾರಿಗಳು ಅಳೆಯುವುದನ್ನು ನೋಡಿದ್ದೀರಾ? ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಎಲ್ಲ ಅಳೆದ ಮೇಲೆ ಎರಡು ಹಿಡಿ ಕೊಸರು. ಕೊಸರು ಹಾಕದ ವ್ಯಾಪಾರಿಗೆ ಊರಲ್ಲಿ ಮರ್ಯಾದೆ ಇಲ್ಲ. ಕಾಕಾನ ಕೈ ಈ ವಿಷಯದಲ್ಲಿ ಧಾರಾಳ, ಗಿರಾಕಿಗಳು ಕಾಸಾರಶಿರಸಿಯಿಂದಲೂ ಬರುತ್ತಿದ್ದರು.

ಭಾರ ಬಿತ್ತು. "ಲಾಭ!" ಎಂದರು ಕಾಕಾ. ಮತ್ತೆ ಬಿತ್ತು. "ಎರಡು!" ಹಾಗೇ ಒಂಬತ್ತರವರೆಗೆ ಹೋಯಿತು. ಗೆರೆ ನೆಲ ಮುಟ್ಟಿತು. ಭಾರ ನಿಂತಿತು. ಇಂಜಿನ್ ಗುರುಗುಟ್ಟುತ್ತಿತ್ತು.

"ಒಂಬತ್ತು. ಮ್ಯಾಗ ಕೊಸರು ಎರಡು. ಬರಿ, ಹನ್ನೊಂದು."

ನಾನು ಕಾಕಾನ ಮುಖ ನೋಡಿದೆ. ಎಪ್ಪತ್ತು ದಾಟಿದ ಮುಖ, ಮಗಳ ಹೆಸರಿನ ಶಾಲೆ. ಹನ್ನೊಂದು ಎಂದು ಬರೆದೆ. ಮುಂದಿನ ಆಳಕ್ಕೆ ಏಳು ಬಿತ್ತು. ಕಾಕಾ ಸ್ವಲ್ಪ ತಡೆದು ಹತ್ತು ಎಂದರು. ಅದನ್ನೂ ಬರೆದೆ.

ನನ್ನನ್ನು ಬೈಯಬೇಡಿ. ಕೊಸರು ಹಾಕದೆ ನಾವು ಯಾವ ಲೆಕ್ಕ ಕೊಟ್ಟಿದ್ದೇವೆ ಹೇಳಿ? ಮದುವೆಯ ಬಯೋಡೇಟಾದಲ್ಲಿ ವರನ ಎತ್ತರಕ್ಕೆ ಎರಡು ಇಂಚು ಕೊಸರು. ಗಾಡಿಯ ಮೈಲೇಜಿಗೆ ಹತ್ತು ಕಿಲೋಮೀಟರ್ ಕೊಸರು. ಬೆಳಗಿನ ವಾಕಿಂಗ್ ಎಷ್ಟು ಎಂದು ಡಾಕ್ಟರ್ ಕೇಳಿದರೆ ಅರ್ಧ ಗಂಟೆ ಕೊಸರು. (ನನ್ನದು ಪೂರ್ತಿ ಕೊಸರೇ.) ಯಾರ ಮನೆ ಮುಳುಗಿತು ಅದರಿಂದ?

ಮನೆ ಮುಳುಗುವುದು ಹೇಗೆಂದು ಮರುದಿನ ಮಧ್ಯಾಹ್ನ ಗೊತ್ತಾಯಿತು.

ಮ್ಯಾಡಮ್ ಪ್ರತಿ ಪರೀಕ್ಷೆಯನ್ನೂ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರಂತೆ. ಬೇವಿನ ಮರದ ಕೆಳಗೆ ನಾವು ರೊಟ್ಟಿ-ಪುಂಡಿಪಲ್ಯ ತಿನ್ನುತ್ತಿದ್ದಾಗ ಅವರು ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದು ಏಟು ಎಣಿಸಿದರು. ರಿಜಿಸ್ಟರ್ ನೋಡಿದರು. ಮತ್ತೆ ಎಣಿಸಿದರು.

"ಕಾಕಾ, ಆಕಡಾ ಜರಾ ಜಾಸ್ತ ವಾಟತೋಯ," ಎಂದರು ಮೆಲ್ಲಗೆ, ಮರಾಠಿಯಲ್ಲಿ. ಅಂಕಿ ಸ್ವಲ್ಪ ಹೆಚ್ಚೆನಿಸುತ್ತಿದೆ, ಅಷ್ಟೇ.

ಕಾಕಾ ಭುಗಿಲೆಂದರು. "ಕಾಶಿನಾಥನ ಅಳತಿಗಿ ಇಲ್ಲೀತನಕ ಯಾರೂ ಬೆರಳು ಮಾಡಿ ತೋರಿಸಿಲ್ಲ! ಎರಡ ಏಟಿನಾಗ ಏನ್ ಬರ್ತದ, ಏನ್ ಹೋಗ್ತದ?"

ಮ್ಯಾಡಮ್ ಸೋಲಾಪುರದವರು. ಅಜ್ಜಿಯಿಂದ ಬಂದ ಅರ್ಧ ಕನ್ನಡ ಅವರಲ್ಲಿತ್ತು. ವಾದ ಮಾಡಲಿಲ್ಲ. ತೂತಿನಿಂದ ಬಂದ ಮರಳನ್ನು ಬಕೆಟ್ಟಿಗೆ ಸಡಿಲವಾಗಿ ಸುರಿದು, ಅಂಚಿನಿಂದ ಮೆಲ್ಲಗೆ ನೀರು ಬಿಟ್ಟರು. ಮರಳು ನೀರು ಕುಡಿದು ಸುಮ್ಮನಾಯಿತು. ಅದರ ಮೇಲೆ ಒಂದು ಇಟ್ಟಂಗಿ ನಿಲ್ಲಿಸಿದರು. ಗಟ್ಟಿಯಾಗಿ ನಿಂತಿತು.

"ಇದು ನಿಮ್ಮ ಶಾಳಾ, ಶಾಲೆ," ಎಂದರು. "ಕಾಕಾ, ನೀವು ಭೂಕಂಪ. ಬಕೆಟ್ ಬಡೀರಿ."

ಕಾಕಾ ಅಂಗೈಯಿಂದ ಬಡಿದರು. ಏನೂ ಆಗಲಿಲ್ಲ. ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಮತ್ತೆ ಬಡಿದರು, ಟಪಟಪ ಬಡಿದರು. ಮರಳಿನ ಮೇಲೆ ನೀರು ಒಸರಿತು. ಇಟ್ಟಂಗಿ ಒಂದು ಬದಿಗೆ ವಾಲಿತು. ಮರಳು ಅಂಬಲಿಯ ಹಾಗಾಗಿ, ಇಟ್ಟಂಗಿ ಸದ್ದೇ ಇಲ್ಲದೆ ಅರ್ಧ ಒಳಗೆ ಹೋಯಿತು. ಕಾಕಾನ ಕೈ ಬಕೆಟ್ಟಿನ ಮೇಲೇ ಉಳಿಯಿತು.

ಪಾಸು-ಫೇಲು ಎಂದು ಒಂದೇ ಅಂಕಿ ಇರುವುದಿಲ್ಲವಂತೆ. ಮರಳು ಎಂಥದ್ದು, ನೀರು ಎಷ್ಟು ಮೇಲಿದೆ, ಎಷ್ಟು ಜೋರಾಗಿ ನಡುಗಬಹುದು, ಎಲ್ಲವನ್ನೂ ಕೂಡಿಸಿ ನೋಡಬೇಕು. ಆದರೆ ಎಲ್ಲದರ ಬುಡದಲ್ಲಿರುವುದು ಈ ಏಟಿನ ಲೆಕ್ಕ. ಅದರಲ್ಲೇ ಸುಳ್ಳು ಹೊಕ್ಕರೆ ಮೇಲಿನ ಗಣಿತವೆಲ್ಲ ಸುಳ್ಳೇ. ಮ್ಯಾಡಮ್ ಇದನ್ನು ಹೇಳುವಾಗ ನಾನು ಪುಂಡಿಪಲ್ಯವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಕಾಕಾ ಬಕೆಟ್ಟಿನಿಂದ ಕೈ ತೆಗೆದು ಧೋತರಕ್ಕೆ ಒರೆಸಿಕೊಂಡರು.

"ಖರೇ ಹೇಳ್ತೀನ್ರಿ ಬಾಯಿ. ಮೊದಲನೇದು ರೂಢಿ. ಬಾಯಿಗಿ ತಾನೇ ಬಂತು. ಎರಡನೇದು ಆಸಿ."

"ಮತ್ತೆ ಮಾಳದ ಹೊಲ ಐತಲ್ಲ ಕಾಕಾ?" ಎಂದೆ ನಾನು. "ಅದನ್ನೇ ಕೊಡಬಹುದಲ್ಲ?"

"ಅದ್ರಾಗ ಏನ್ ಬೆಳೀತದೋ? ಮಗಳ ಹೆಸರಲೆ ಕಲ್ಲಿನ ಹೊಲ ಕೊಡ್ಲೇನು? ಮಂದಿ ಏನಂದಾರು, ಕಾಶಿನಾಥ ಕಬ್ಬಿನ ಹೊಲ ತನಗ ಇಟಗೊಂಡ, ಆಡು ಮೇಯೂ ಹೊಲ ಸಾಲಿಗಿ ಕೊಟ್ಟ ಅಂತಾರ!"

ಅವರ ಸಂಕಟ ನನಗೆ ಅರ್ಥವಾದದ್ದು ಆಗ. ಕೊಡುವುದಾದರೆ ಒಳ್ಳೆಯದನ್ನೇ ಕೊಡಬೇಕು ಎಂದು ಬೆಳೆದ ಮನುಷ್ಯ. ಒಳ್ಳೆಯ ಹೊಲ ಅಂದರೆ ಬೆಳೆಗೆ ಒಳ್ಳೆಯದು ಎಂದು ನಾವೆಲ್ಲ ತಿಳಿದಿದ್ದೇವೆ. ಕಟ್ಟಡಕ್ಕೆ ಯಾವುದು ಒಳ್ಳೆಯದು ಎಂದು ಎಂದಾದರೂ ಕೇಳಿದ್ದೇವಾ? ನನ್ನನ್ನೇ ನೋಡಿ. ಉದಗೀರದ ನನ್ನ ಮನೆಯ ಟೈಲ್ಸ್ ಆರಿಸಲು ಹೆಂಡತಿಯೊಡನೆ ಆರು ಅಂಗಡಿ ಅಲೆದಿದ್ದೆ. ಟೈಲ್ಸಿನ ಕೆಳಗೆ ಏನಿದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ದಂಡೆಯ ಹೊಲದ ಪರೀಕ್ಷೆಯನ್ನು ಮ್ಯಾಡಮ್ ಪಕ್ಕದಲ್ಲೇ ಇನ್ನೊಂದು ತೂತು ಕೊರೆಸಿ, ತಾವೇ ಎಣಿಸಿ ಮುಗಿಸಿದರು. ಮರಳು ಸಡಿಲ, ನೀರು ಮೇಲೇ ಇತ್ತು. ಇಲ್ಲಿ ಬೇಡ ಎಂದೇ ಬರೆಯಬೇಕಾಗಬಹುದು ಎಂದರು. ಕಾಕಾ ರಾತ್ರಿ ಊಟ ಬಿಟ್ಟರೆಂದು ಕಾಕಿ ಹೇಳಿದಳು.

ಬುಧವಾರ ಬೆಳಿಗ್ಗೆ ಎದ್ದು ಬಂದರೆ ಕಾಕಾ ಹಣೆಗೆ ವಿಭೂತಿ ಹಚ್ಚಿಕೊಂಡು ಮೂರು ಕಾಲಿನ ಕುದುರೆಯನ್ನು ಮಾಳದ ಹೊಲಕ್ಕೆ ಹೊರಿಸುತ್ತಿದ್ದರು. ಆಡುಗಳು ಆಶ್ಚರ್ಯದಿಂದ ಪಕ್ಕಕ್ಕೆ ಸರಿದವು.

"ಬಾಯಿ, ಎಣಿಸೂದು ನಾನೇ," ಎಂದರು. ಮ್ಯಾಡಮ್ ಫೋನನ್ನು ಜೀಪಿನ ಬಾನೆಟ್ಟಿನ ಮೇಲೆ ನಿಲ್ಲಿಸಿ ತಲೆಯಾಡಿಸಿದರು.

ಮುರುಮಿನ ಕೆಳಗೆ, ಕಲ್ಲು ಶುರುವಾಗುವಲ್ಲಿ ಭಾರ ಬಿತ್ತು. ಕಾಕಾನ ತುಟಿ 'ಲಾ' ಎನ್ನಲು ತೆರೆದದ್ದು ನಾನು ಕಂಡೆ. ನುಂಗಿಕೊಂಡರು.

"ಒಂದು," ಎಂದರು.

ಹತ್ತಾಯಿತು, ಇಪ್ಪತ್ತಾಯಿತು. ಸಳಿ ಎರಡು ಬೆರಳೂ ಇಳಿಯಲಿಲ್ಲ. ಐವತ್ತಕ್ಕೆ ಮ್ಯಾಡಮ್ ಕೈಯೆತ್ತಿ 'ಬಸ್, ಸಾಕು' ಎಂದರು. ಇನ್ನು ಬಡಿಯುವ ಅಗತ್ಯವಿರಲಿಲ್ಲ. ನಾನು ಪೆನ್ನು ಹಿಡಿದು ಹಳೆಯ ರೂಢಿಯಂತೆ ಕಾಕಾನ ಮುಖ ನೋಡಿದೆ.

"ನನ್ನ ಮಾರಿ ಏನ್ ನೋಡ್ತೀ? ಐವತ್ತು ಅಂದ್ರ ಐವತ್ತು. ಬರಿ."

ಬರೆದೆ. ಕಾಕಾ ಮಾಳದ ಅಂಚಿಗೆ ಹೋಗಿ ನಿಂತು, ಕೆಳಗೆ ನದಿದಂಡೆಯ ತಮ್ಮ ಹಸಿರು ಹೊಲವನ್ನು ನೋಡಿದರು. ಮಂದಿ ಏನಂದಾರು ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು.

"ಅನ್ನವ್ರು ಅನ್ಲಿ. ಅಲ್ಲಿ ಕಬ್ಬೇ ಇರ್ಲಿ. ಕಬ್ಬು ಬಿದ್ರ ಮತ್ತ ಚಿಗೀತದ. ಹುಡುಗೇರು ಚಿಗೀತಾರೇನೋ, ತಮ್ಮಾ?"