ರಾಗಿ ಮಿಲ್ಲಿನ ಶ್ರುತಿಗೆ ಹಾಡಿದವಳು

“ಮೇಡಂ, ಹಾಡೋದು ನೀವೇ ಆಗ್ಬೇಕಾ?”

ಬೆಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ಹೀಗೆ ಕೇಳಿದಾಗ ನಾನು ಇನ್ನೂ ಮೈಕ್ ಮುಂದೆಯೇ ನಿಂತಿದ್ದೆ. ಹಾಡಿದ ಒಂದು ಹಾಡೂ ಸರಿಯಾಗಿ ಬಂದಿರಲಿಲ್ಲ.

ಶ್ರುತಿ ನಿಲ್ಲುತ್ತಿಲ್ಲವಂತೆ. ಹಾಡುಗಳು ಚೆನ್ನಾಗಿವೆಯಂತೆ, ಗಿಟಾರ್ ನಾನೇ ನುಡಿಸಬಹುದಂತೆ. ಆದರೆ ದನಿಗೆ ಮಾತ್ರ ಅವರಿಗೆ ಗೊತ್ತಿರುವ ಹುಡುಗಿಯೊಬ್ಬಳನ್ನು ಕರೆಸೋಣವಂತೆ.

ಬಹಳ ಮರ್ಯಾದೆಯಿಂದಲೇ ಹೇಳಿದರು. ಅದಕ್ಕೇ ನನಗೆ ಇನ್ನೂ ಉರಿಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ... ನಾನು ಕಡೂರಿನವಳು, ಪಂಕ್ ರಾಕ್ ಎಂಬ ಅಬ್ಬರದ ಹಾಡು ಹಾಡುವವಳು. ಬ್ಯಾಂಡಿನಲ್ಲಿ ನಾವು ಮೂರೇ ಜನ. ಡ್ರಮ್ಸ್‌ಗೆ ಯಗಟಿಯ ಉಮೇಶ, ಬೇಸ್ ಗಿಟಾರಿಗೆ ಪ್ರದೀಪ, ಗಿಟಾರು ಹಾಡು ಎರಡೂ ನನ್ನವು.

ಕಾಲೇಜಿನಿಂದಲೂ ಇದೇ ಹುಚ್ಚು. ತರೀಕೆರೆಯಲ್ಲಿ ಗಣಪತಿ ಪೆಂಡಾಲಿನವರು ಒಂದೇ ಹಾಡಿಗೆ ಕೈಮುಗಿದು ಕೆಳಗಿಳಿಸಿದರು. ಅಜ್ಜಂಪುರದ ರಿಸೆಪ್ಶನ್ ಒಂದರಲ್ಲಿ ಮದುಮಗಳ ಚಿಕ್ಕಪ್ಪ ಬಂದು ಪ್ಲಗ್ಗನ್ನೇ ಕಿತ್ತರು.

ಆದರೂ ಬರೆಯುವುದನ್ನು ಬಿಡಲಿಲ್ಲ. ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋಗುವ ಬಸ್ಸಿನ ಮೇಲೆ ಒಂದು ಹಾಡು. ಹೆಣ್ಣು ನೋಡಲು ಬಂದು, ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಆಮೇಲೆ ಫೋನೇ ಎತ್ತದವರ ಮೇಲೆ ಇನ್ನೊಂದು. ಎಲ್ಲಾ ನಾನು ಅನುಭವಿಸಿದ್ದೇ.

ವಾಪಸ್ ಬರುವಾಗ ರೈಲಿನಲ್ಲಿ ಪ್ರದೀಪ ಮೆಲ್ಲಗೆ, ಒಪ್ಪಿಕೊಳ್ಳೋಣ ಎಂದ. ಹಾಗಾದರೂ ಆಲ್ಬಂ ಹೊರಗೆ ಬರುತ್ತದಲ್ಲ ಎಂಬುದು ಅವನ ಲೆಕ್ಕ. ಕಡೂರು ಬರುವ ತನಕ ನಾನು ಅವನ ಮುಖ ನೋಡಲಿಲ್ಲ.

ನಾವು ಪ್ರಾಕ್ಟೀಸ್ ಮಾಡುವುದು ಯಗಟಿಯಲ್ಲಿ, ಉಮೇಶನ ಅಮ್ಮ ರುದ್ರಮ್ಮನವರ ರಾಗಿ ಮಿಲ್ಲಿನ ಹಿಂದಿನ ಕೋಣೆಯಲ್ಲಿ. ತ್ರೀ ಫೇಸ್ ಕರೆಂಟ್ ಬಂದು ಮಿಲ್ ಶುರುವಾದರೆ ನಾವೂ ಶುರು. ಆ ಸದ್ದಿನಲ್ಲಿ ನಮ್ಮ ಗಲಾಟೆ ಊರಿಗೆ ಕೇಳಿಸುವುದಿಲ್ಲ.

ಮಿಲ್ ನಿಂತರೆ ನಾವೂ ಬಾಯಿ ಮುಚ್ಚಬೇಕು, ಅದು ರುದ್ರಮ್ಮನವರ ಕಂಡೀಷನ್. ವರ್ಷಗಟ್ಟಲೆ ಹೀಗೇ ನಡೆದಿದೆ.

ಆ ವಾರವೂ ಹೋದೆವು. ಎಲ್ಲಿ ತಪ್ಪುತ್ತಿದೆ ನೋಡೇಬಿಡೋಣ ಎಂದು ಮಿಲ್ ಓಡುತ್ತಿರುವಾಗಲೇ ಫೋನಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ಆ್ಯಪ್ ಹಾಕಿ, ಬಾಯಿಯ ಹತ್ತಿರ ಹಿಡಿದು ಒಂದೇ ಸ್ವರ ಎಳೆದೆ. ಮುಳ್ಳು ಸರಿ ಜಾಗಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿತು. ಆದರೆ ನಿಂತಲ್ಲಿಂದ ಅಲುಗಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಗಿ ಮಿಲ್ ನಿಂತಿತು. ನಾನು ಹಟಕ್ಕೆ ಬಿದ್ದು ಎಳೆಯುತ್ತಲೇ ಇದ್ದೆ. ಮುಳ್ಳು ಹಗ್ಗ ಬಿಚ್ಚಿದ ಕರುವಿನ ಹಾಗೆ ಅತ್ತಿತ್ತ ಓಡತೊಡಗಿತು.

ಮೂವರೂ ಮುಖ ಮುಖ ನೋಡಿಕೊಂಡೆವು. ಸಂಗೀತ ಕಲಿತವರಿಗೆ ತಂಬೂರಿ, ನನಗೆ ರಾಗಿ ಮಿಲ್! ಇಷ್ಟು ವರ್ಷ ಅದರ ಗುಂಯ್ ಹಿಡಿದೇ ಹಾಡಿದ್ದೆ. ಗಿಟಾರನ್ನೂ ಗೊತ್ತಿಲ್ಲದೆ ಅದಕ್ಕೇ ಶ್ರುತಿ ಮಾಡುತ್ತಿದ್ದೆವು. ಸ್ಟುಡಿಯೋದವರು ಟ್ಯೂನರ್ ಇಟ್ಟು ಸರಿ ಮಾಡಿದ ಗಿಟಾರಿಗೆ ನನ್ನ ಗಂಟಲು ಹೊಂದಲೇ ಇಲ್ಲ.

ತಕ್ಷಣ ಎಂಜಿನಿಯರಿಗೆ ಫೋನ್ ಮಾಡಿದೆ. ಒಂದೇ ಒಂದು ದಿನ ಮೈಕು, ಲ್ಯಾಪ್‌ಟಾಪ್ ತಗೊಂಡು ಇಲ್ಲಿಗೆ ಬನ್ನಿ, ಇಲ್ಲೂ ಆಗದಿದ್ದರೆ ನಿಮ್ಮ ಹುಡುಗಿಯನ್ನೇ ಕರೆಸಿ, ನಾನು ತುಟಿ ಪಿಟಕ್ ಅನ್ನುವುದಿಲ್ಲ ಎಂದೆ. ನಕ್ಕರು. ಆದರೂ ಬಂದರು, ಪುಣ್ಯಾತ್ಮ.

ಬಂದ ದಿನ ನೋಡಿದರೆ ಮಿಲ್ ತಣ್ಣಗೆ ಕೂತಿದೆ.

ಬೆಂಗಳೂರಿನವರು ಹಾಡು ರೆಕಾರ್ಡ್ ಮಾಡಲು ಬರುತ್ತಾರೆ, ಸದ್ದು ಮಾಡಬಾರದು ಎಂದು ರುದ್ರಮ್ಮನವರು ರಾಗಿ ತಂದವರನ್ನೆಲ್ಲ ಬೆಳಿಗ್ಗೆಯೇ ವಾಪಸ್ ಕಳಿಸಿಬಿಟ್ಟಿದ್ದರು. ಪಾಪ, ನಮಗೆ ಒಳ್ಳೆಯದಾಗಲಿ ಎಂದೇ. ಮಿಲ್ ಓಡಬೇಕು ಎಂದು ನಾವು ಯಾರೂ ಅವರಿಗೆ ಹೇಳಿರಲಿಲ್ಲ.

ಸುಮ್ಮನೆ ಆನ್ ಮಾಡಿ ಅಮ್ಮಾ ಎಂದೆ.

“ಬರೀ ಕಲ್ಲು ಓಡಿಸ್ತಾರೇನೇ? ಒಂದುಕ್ಕೊಂದು ತಿಂದ್ಕಂಡು ಹಾಳಾಯ್ತವೆ. ಕಾಳು ತಗಂಬಾ, ಓಡಿಸ್ತೀನಿ.”

ತ್ರೀ ಫೇಸ್ ಇರುವುದು ಮಧ್ಯಾಹ್ನದವರೆಗೆ ಮಾತ್ರ. ಗಿಟಾರ್ ಗೋಡೆಗೊರಗಿಸಿ ಓಡಿದೆ.

ಮನೆ ಮನೆ ಬಾಗಿಲಿಗೆ ಹೋಗಿ, ರಾಗಿ ಕೊಡಿ, ಈಗಲೇ ಬೀಸಿಸಿ ತಂದುಕೊಡುತ್ತೇವೆ ಎಂದು ಕೈಮುಗಿದೆ. ಬೆಳಿಗ್ಗೆ ಬೇಡ ಅಂದು ಈಗ ಬಾ ಅನ್ನುವುದಕ್ಕೆ ನಾವೇನು ಕೆಲಸವಿಲ್ಲದವರಾ ಎಂದು ಒಬ್ಬ ಅಜ್ಜಿ ಮುಖಕ್ಕೆ ಮಂಗಳಾರತಿ ಮಾಡಿದರು. ಬೈಯುತ್ತಲೇ ಚೀಲವನ್ನು ನನ್ನ ಹೆಗಲಿಗೆ ಹೊರಿಸಿದರು.

ಪ್ರದೀಪ ಬೈಕಿನಲ್ಲಿ ಮೂಟೆ ಹೇರಿಕೊಂಡು ಓಡಾಡಿದ. ಒಪ್ಪಿಕೊಳ್ಳೋಣ ಎಂದಿದ್ದವನು ಅವನೇ ನೋಡಿ.

ಬೆಲ್ಟ್ ತಿರುಗಿತು, ಕಲ್ಲಿಗೆ ಕಾಳು ಬಿತ್ತು. ಗೋಡೆಯಾಚೆಯಿಂದ ಆ ಗುಂಯ್ ಬಂದದ್ದೇ ತಡ, ಗಿಟಾರ್ ಎತ್ತಿ ಅದಕ್ಕೇ ಶ್ರುತಿ ಮಾಡಿಕೊಂಡೆ. ತಲೆಯೆಲ್ಲ ಹಿಟ್ಟು, ಬೆನ್ನೆಲ್ಲ ಬೆವರು... ಹಾಡುತ್ತಿದ್ದೇನೆ. ಬಸ್ಸಿನ ಹಾಡು, ಉಪ್ಪಿಟ್ಟಿನ ಹಾಡು, ಒಂದಾದ ಮೇಲೊಂದು.

ಎಂಜಿನಿಯರ್ ಹೆಡ್‌ಫೋನ್ ಸರಿಸಿ, ಇನ್ನೆಷ್ಟು ಹಾಡುಗಳಿವೆ, ಕರೆಂಟ್ ಹೋಗುವುದರೊಳಗೆ ಎಲ್ಲಾ ಮುಗಿಸಿಬಿಡೋಣ ಎಂದರು. ಆ ಹುಡುಗಿಯ ಮಾತು ಮತ್ತೆ ಬರಲೇ ಇಲ್ಲ. ಮಿಲ್ ಸದ್ದು ಪೂರ್ತಿ ತೆಗೆಯಲು ಆಗದು ಎಂದರು, ತೆಗೆಯುವುದೇ ಬೇಡ ಎಂದೆ.

ಅವರು ಹೊರಡುವ ಮುನ್ನ ಹೆಡ್‌ಫೋನನ್ನು ರುದ್ರಮ್ಮನವರ ಕಿವಿಗೆ ಹಾಕಿದೆ. ಇಷ್ಟು ವರ್ಷ ಮಿಲ್ ಪಕ್ಕದಲ್ಲೇ ನಿಂತವರಿಗೆ ನನ್ನ ಹಾಡಿನ ಒಂದು ಪದವೂ ತಿಳಿದಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಉಪ್ಪಿಟ್ಟಿನ ಹಾಡನ್ನು ಪೂರ್ತಿ ಕೇಳಿದರು.

“ಇಷ್ಟು ದಿನ ನೀನು ಕಿರುಚ್ತೀಯ ಅಂದ್ಕಂಡಿದ್ದೆ ಕಣವ್ವಾ. ಮಾತಾಡ್ತಿದ್ದೀಯ.”

ನನ್ನ ಮಾತನ್ನು ನಾನು ಇನ್ನೊಬ್ಬಳ ಬಾಯಲ್ಲಿ ಆಡಿಸಬೇಕಿತ್ತಾ, ನೀವೇ ಹೇಳಿ?