ಭಾವನವರಿಗೆ ಹಿಡಿದ ಕಾರಿನ ಹುಚ್ಚು

ಒಂದು ಭಾನುವಾರ ಬೆಳಿಗ್ಗೆ ನಮ್ಮಕ್ಕ ಕೈಯಲ್ಲಿ ಸೌಟು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಎರಡು ಬೀದಿ ದಾಟಿ, ಸೌಟು ಹಿಡಿದೇ ಬಂದಿದ್ದಳು. ಅದರ ಹಿಡಿಯ ಉದ್ದಕ್ಕೂ ಸಾಲಾಗಿ ಒಂಬತ್ತು ತೂತು ಕೊರೆದಿತ್ತು.

“ನೋಡೋ ನಿಮ್ಮ ಭಾವನ ಕೆಲಸ,” ಎಂದಳು. “ಯಾಕ್ರೀ ಹೀಗ್ ಮಾಡಿದ್ರಿ ಅಂದ್ರೆ, ‘ಗಟ್ಟಿತನ ಏನೂ ಕಮ್ಮಿ ಆಗಿಲ್ಲ ಕಣೇ, ಹದಿನಾಲ್ಕು ಗ್ರಾಂ ಉಳೀತು’ ಅಂತಾರೆ. ನಾನೇನು ಸೌಟು ಹಿಡ್ಕೊಂಡು ರೇಸಿಗೆ ಹೋಗ್ತೀನಾ?”

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಕಾಲೇಜಿನಲ್ಲಿ ರೇಸ್ ಕಾರು ಕಟ್ಟುತ್ತಿದ್ದ ಹುಡುಗರ ಹುಚ್ಚು ಭಾವನವರಿಗೂ ಅಂಟಿಕೊಂಡಿದೆ ಎಂದು ನನಗೆ ಖಾತ್ರಿಯಾದದ್ದು ಅವತ್ತು.

ಭಾವ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಲಿಸುವವರು. ಮೂವತ್ತೆರಡು ವರ್ಷದಿಂದ ಎಲ್ಲರೂ ಕರೆಯುತ್ತಿದ್ದದ್ದು ಮೇಷ್ಟ್ರು ಎಂದೇ. ನಾನು ಅದೇ ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುವವನು. ಜಾಲರಿ ಕಿಟಕಿಯ ಹಿಂದೆ ಕೂತು ಸ್ಪ್ಯಾನರ್, ಡ್ರಿಲ್ ಬಿಟ್, ಗ್ಲೌಸು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಅವರನ್ನು ಮನೆಯಲ್ಲೂ ಬಲ್ಲೆ, ಕೆಲಸದಲ್ಲೂ ಬಲ್ಲೆ. ಎರಡೂ ಕಡೆ ಮಾತು ಕಮ್ಮಿ. ವಿದ್ಯಾರ್ಥಿಗಳು ಬೆಸೆದ ತುಂಡನ್ನು ಎತ್ತಿ ನೋಡಿ, “ಕೋಳಿ ಹಿಕ್ಕೆ ಹಾಕಿದ ಹಾಗಿದೆ,” ಎಂದು ಕೆಳಗಿಟ್ಟು ಮುಂದೆ ಹೋಗುತ್ತಿದ್ದರು. ಚೆನ್ನಾಗಿದ್ದರೆ ಏನೂ ಹೇಳುತ್ತಿರಲಿಲ್ಲ. ಅವರ ಮೌನ ಸಿಕ್ಕರೆ ಹುಡುಗರಿಗೆ ಹಬ್ಬ.

ಆ ವರ್ಷ ಹದಿಮೂರು ವಿದ್ಯಾರ್ಥಿಗಳು ಸೇರಿ ಒಂದು ತಂಡ ಕಟ್ಟಿದರು. ಕಾಲೇಜು ಕಾಲೇಜುಗಳ ನಡುವೆ ಒಂದು ಪಂದ್ಯವಿದೆಯಂತೆ. ಒಬ್ಬರು ಮಾತ್ರ ಕೂರುವ ಪುಟ್ಟ ರೇಸ್ ಕಾರನ್ನು ತಾವೇ ಕಟ್ಟಿ, ತಾವೇ ಓಡಿಸಬೇಕು. ವರ್ಕ್‌ಶಾಪಿನ ಹಿಂದೆ ಕೆಟ್ಟುಹೋದ ಲೇಥು ಮಲಗಿದ್ದ ಮೂಲೆಯನ್ನು ಗುಡಿಸಿ ಅಲ್ಲಿ ಬೀಡುಬಿಟ್ಟರು.

ತಂಡದ ಮುಂದಾಳು ಒಬ್ಬ ಹುಡುಗಿ. ಅವಳಿಗೆ ‘ಗ್ರಾಂ’ ಎಂದು ಹೆಸರು ಬಿದ್ದಿತ್ತು, ಏಕೆಂದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ತೂಗುತ್ತಿದ್ದಳು. ನಾನು ಮೊಳೆ ತೂಗುವ ತಕ್ಕಡಿಯನ್ನು ಒಂದು ದಿನಕ್ಕೆಂದು ಒಯ್ದವಳು ನಾಲ್ಕು ತಿಂಗಳು ಹಿಂದಕ್ಕೆ ಕೊಡಲಿಲ್ಲ. ಬೋಲ್ಟು ತೂಗಿದಳು, ವೈರು ತೂಗಿದಳು, ಬಳಿಯುವ ಬಣ್ಣವನ್ನು ಹಸಿಯಾಗಿದ್ದಾಗೊಮ್ಮೆ, ಒಣಗಿದ ಮೇಲೊಮ್ಮೆ ತೂಗಿದಳು. ನನ್ನ ಟೀ ಲೋಟವನ್ನು ಸುಮ್ಮನೆ ಅಭ್ಯಾಸಬಲದಿಂದ ತೂಗಿ, “ಅಂಕಲ್, ಇದು ಇಷ್ಟು ದಪ್ಪ ಇರೋ ಅಗತ್ಯ ಇಲ್ಲ,” ಎಂದಳು.

ಕಾರು ಓಡಿಸಬೇಕಾದವನು ತಂಡದಲ್ಲೇ ಹಗುರವಾಗಿದ್ದ ಹುಡುಗ. ಹೆಸರು ಕಡ್ಡಿ. ಊಟದ ಹೊತ್ತಿಗೆ ಹನ್ನೆರಡು ಜನ ಸುತ್ತ ಕೂತು ಅವನ ತುತ್ತು ಎಣಿಸುತ್ತಿದ್ದರು. ಒಂದು ದಿನ ಅವನ ತಾಯಿ ನೇರ ನನ್ನ ಕಿಟಕಿಗೇ ಬಂದರು. “ಇಲ್ಲಿ ದೊಡ್ಡೋರು ಅಂತ ಯಾರಾದ್ರೂ ಇದ್ದೀರಾ? ನನ್ನ ಮಗ ಎರಡನೇ ಸಲ ಬಡಿಸಿದ್ರೆ ತಟ್ಟೆ ಮೇಲೆ ಕೈ ಅಡ್ಡ ಇಡ್ತಾನೆ. ಯಾಕೋ ಅಂದ್ರೆ, ‘ಅಮ್ಮಾ, ನನ್ನ ಹೊಟ್ಟೆ ನನ್ನೊಬ್ಬನದಲ್ಲ, ಟೀಮಿಂದು’ ಅಂತಾನೆ!” ಆಯಮ್ಮನನ್ನು ಸಮಾಧಾನಪಡಿಸಿ ಕಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಉಳಿದವರೂ ಕಮ್ಮಿಯಿರಲಿಲ್ಲ. ನಟ್ಟಿನಿಂದಾಚೆಗೆ ಬೋಲ್ಟಿನ ಎರಡು ಸುತ್ತು ಥ್ರೆಡ್ ಕಾಣಲೇಬೇಕೆಂದು ಪಂದ್ಯದ ನಿಯಮವಂತೆ. ಅದಾದ ಮೇಲೆ ಅವರು ಬಸ್ಸಿನ ಸೀಟು, ಕ್ಲಾಸಿನ ಬೆಂಚು, ಫ್ಯಾನು ಯಾವುದನ್ನೂ ಬಿಡದೆ ಬಗ್ಗಿ ಬಗ್ಗಿ ನೋಡತೊಡಗಿದರು. ಲೈಬ್ರರಿಯ ಕಪಾಟೊಂದಕ್ಕೆ ‘ಪಾಸಾಗಿಲ್ಲ’ ಎಂದು ಚೀಟಿ ಅಂಟಿಸಿದ್ದರು. ಕಾರಿಡಾರಿನ ತಿರುವಿನಲ್ಲಿ ಹೊರಗೋಡೆಯ ಕಡೆಯಿಂದ ಬಂದು, ಒಳಮೂಲೆಯನ್ನು ಸವರಿಕೊಂಡು, ಮತ್ತೆ ಹೊರಕ್ಕೆ ಹೋಗುವುದು ಅವರ ನಡಿಗೆ. ರೇಸಿನಲ್ಲಿ ಹಾಗೇ ತಿರುಗಬೇಕಂತೆ. ಒಂದು ದಿನ ಹದಿಮೂರು ಜನರೂ ಸಾಲಾಗಿ ಹಾಗೆ ತಿರುಗುವಾಗ ಆಚೆಯಿಂದ ಪ್ರಿನ್ಸಿಪಾಲರು ಬಂದರು. ಅವರ ಕೈಯಲ್ಲಿದ್ದ ಫೈಲುಗಳು ನಾಲ್ಕು ದಿಕ್ಕಿಗೆ ಹಾರಿದವು. ಕಡ್ಡಿ ಫೈಲು ಆರಿಸಿಕೊಡುತ್ತಾ, “ಸರ್, ನೀವು ಇನ್ನೂ ಸ್ವಲ್ಪ ಲೇಟಾಗಿ ತಿರುಗಬೇಕಿತ್ತು,” ಎಂದನಂತೆ.

ಭಾವ ಮೊದಮೊದಲು ಇವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಕಾರಿನ ಚೌಕಟ್ಟು ಬೆಸೆದುಕೊಡಿ ಎಂದು ಗ್ರಾಂ ಮೂರು ಸಲ ಕೇಳಿದಾಗ ಮೂರು ಸಲವೂ ಆಗಲ್ಲ ಎಂದರು. ನಾಲ್ಕನೇ ಸಲ ಅವಳು ಬಾಯಿಬಿಟ್ಟು ಕೇಳಲಿಲ್ಲ. ಕತ್ತರಿಸಿದ ಎರಡು ಪೈಪು ತಂದು ಅವರ ಮೇಜಿನ ಮೇಲೆ ಇಟ್ಟಳು. ಒಂದರ ತುದಿಯನ್ನು ಇನ್ನೊಂದರ ಮೈಗೆ ಕೂರುವಂತೆ ಅರದಿಂದ ಉಜ್ಜಿದ್ದಳು. ಭಾವ ಜೋಡಿಸಿ ಬೆಳಕಿಗೆ ಹಿಡಿದರು. ಕೂದಲು ತೂರುವಷ್ಟೂ ಸಂದಿಯಿರಲಿಲ್ಲ.

“ಎಷ್ಟು ಹೊತ್ತು ಹಿಡೀತು?” ಎಂದರು.

“ಎರಡು ದಿನ, ಮೇಷ್ಟ್ರೇ.”

“ಇನ್ನು ಎಷ್ಟು ಪೈಪಿದೆ?”

“ಅರವತ್ತೆರಡು.”

ಭಾವ ಏನೂ ಹೇಳದೆ ಗ್ಲೌಸು ಹಾಕಿಕೊಂಡರು. ಅಲ್ಲಿಂದ ಎರಡು ತಿಂಗಳು ಅವರು ಇದ್ದದ್ದೇ ಆ ಮೂಲೆಯಲ್ಲಿ. ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ತಿರುವು ಬರೆಯುವರು. ಸೌಟಿಗೆ ತೂತು ಬಿದ್ದದ್ದು ಆ ದಿನಗಳಲ್ಲೇ.

ಆಗಲೇ ಅವರು ನನ್ನ ಹತ್ತಿರ ವೆಲ್ಡಿಂಗ್ ಹೆಲ್ಮೆಟ್ಟಿಗೆ ಹೊಸ ಗಾಜು ಕೇಳತೊಡಗಿದ್ದರು. ಒಂದು ತಿಂಗಳಲ್ಲಿ ಮೂರು ಸಲ. “ಈಗ ಬರೋ ಗಾಜೆಲ್ಲ ಮಬ್ಬು ಕಣಯ್ಯ,” ಎಂದು ಬೈದುಕೊಳ್ಳುವರು. ನಾನೂ ಹೌದಿರಬಹುದು ಅಂದುಕೊಂಡು ಬದಲಾಯಿಸಿ ಕೊಟ್ಟೆ.

ಚೌಕಟ್ಟು ಮುಗಿಯಿತು. ಮೇಷ್ಟ್ರ ಬೆಸುಗೆಯನ್ನು ಪರೀಕ್ಷೆ ಮಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಗ್ರಾಂಗೆ ಅನ್ನಿಸಿತು. ಅನುಮಾನದಿಂದಲ್ಲ, ಅವಳು ಯಾವುದನ್ನೂ ಪರೀಕ್ಷೆ ಮಾಡದೆ ಬಿಡುವವಳಲ್ಲ, ಅಷ್ಟೆ. ಒಂದು ಕೆಂಪು ದ್ರಾವಣ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿ ಊದುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಮತ್ತೆ ಮೇಲೆದ್ದು ಗೆರೆಯಾಗಿ ಕಾಣುತ್ತದೆ. ಐದು ಕಡೆ ಗೆರೆ ಮೂಡಿತು.

ಎಲ್ಲರೂ ಕಾರಿನ ಸುತ್ತ ನಿಂತರು. ಆಮೇಲೆ ನನ್ನ ಕಿಟಕಿಗೆ ಬಂದರು. “ಅಂಕಲ್, ನೀವೇ ಹೇಳಿಬಿಡಿ. ನಿಮ್ಮ ಭಾವ ಅಲ್ವಾ?”

“ಅದಕ್ಕೇ ನಾನು ಹೇಳಲ್ಲ,” ಎಂದೆ.

“ಅವರಿಗೆ ಗೊತ್ತಾಗದ ಹಾಗೆ ಆ ಐದನ್ನ ಬೇರೆ ಕಡೆ ಮಾಡಿಸಿಬಿಡೋಣ,” ಎಂದ ಕಡ್ಡಿ. “ಪಾಪ, ರಿಟೈರ್ ಆಗೋ ವಯಸ್ಸು.”

ಗ್ರಾಂ ಬೇಡವೆಂದು ತಲೆಯಾಡಿಸಿದಳು. “ಅವರಿಗೆ ಕದ್ದು ಅವರ ಕೆಲಸ ಕತ್ತರಿಸಲ್ಲ ನಾನು. ಗೊತ್ತಾದ್ರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ನಾನೇ ಹೇಳ್ತೀನಿ.”

ಭಾವ ಟೀ ಕುಡಿಯುತ್ತಿದ್ದರು. ಅವಳು ಹೋಗಿ ಎದುರಿಗೆ ನಿಂತು, ಸುತ್ತುಬಳಸದೆ ಹೇಳಿದಳು. “ಮೇಷ್ಟ್ರೇ, ಐದು ಜಾಯಿಂಟಲ್ಲಿ ಬಿರುಕಿದೆ.”

“ಯಾರ ಜಾಯಿಂಟಲ್ಲಿ?”

“ನಿಮ್ಮದ್ರಲ್ಲಿ.”

ಭಾವ ಲೋಟ ಇಟ್ಟರು. ಕಿವಿ ಕೆಂಪಾಯಿತು. “ನೀನು ಹುಟ್ಟೋಕೆ ಮುಂಚೆಯಿಂದ ಬೆಸೀತಾ ಇದ್ದೀನಮ್ಮ ನಾನು. ನಿನ್ನ ಬಣ್ಣದ ನೀರು ನನಗೆ ಪಾಠ ಹೇಳುತ್ತಾ? ನಡಿ, ತೋರಿಸು.”

ಹೋದರು. ಚೌಕಟ್ಟಿನ ಎಡಗಡೆ ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ಪೈಪಿಗೆ ತಾಗುವಷ್ಟು ಹತ್ತಿರ ಹೋಗಿ, “ಎಲ್ಲಿದೆ ಗೆರೆ?” ಎಂದರು.

ಹತ್ತು ಅಡಿ ದೂರದಲ್ಲಿ ನಿಂತಿದ್ದ ನನಗೇ ಆ ಗೆರೆ ರಕ್ತ ಚಿಮ್ಮಿದಂತೆ ಕಾಣುತ್ತಿತ್ತು. ಮೂರು ಗಾಜುಗಳ ಅರ್ಥ ನನಗಾದದ್ದು ಆಗ.

ಭಾವ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರಿಗೂ ಅರ್ಥವಾಯಿತು. ಗ್ಲೌಸು ಕಳಚಿ ನೀಟಾಗಿ ಮಡಚಿ ಚೌಕಟ್ಟಿನ ಮೇಲಿಟ್ಟು, ಮನೆಗೆ ಹೋದರು.

ಮೂರು ದಿನ ಕೆಲಸಕ್ಕೆ ಬರಲಿಲ್ಲ. ಅಕ್ಕ ಹೇಳಿದಳು: “ಬೆಳಗಿಂದ ಕ್ಯಾಲೆಂಡರ್ ಎದುರಿಗೆ ಕೂತಿದ್ದಾರೆ ಕಣೋ. ಒಂದು ಕಣ್ಣು ಮುಚ್ಚಿ ನೋಡ್ತಾರೆ, ಇನ್ನೊಂದು ಮುಚ್ಚಿ ನೋಡ್ತಾರೆ. ಊಟಕ್ಕೆ ಕರೆದ್ರೆ, ‘ಆ ಹುಡುಗ ಅದರೊಳಗೆ ಕೂತ್ಕೋತಿದ್ನಲ್ಲೇ’ ಅಂದ್ರು. ಅಷ್ಟೇ ಮಾತು.”

ನಾಲ್ಕನೇ ದಿನ ನಾನೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. “ಇಷ್ಟು ದಿನ ಹೇಗ್ರೀ ಕೆಲಸ ಮಾಡಿದ್ರಿ?” ಎಂದು ಡಾಕ್ಟರು ಕೇಳಿದರು. “ಕೈಗೆ ಗೊತ್ತಿತ್ತು,” ಎಂದರು ಭಾವ. ಹದಿನೈದು ದಿನದ ಅಂತರದಲ್ಲಿ ಎರಡು ಆಪರೇಷನ್ ಎಂದಾಯಿತು. ಅಲ್ಲಿಂದ ಮುಂದೆಯೂ ಒಂದೂವರೆ ತಿಂಗಳು ಧೂಳು, ಕಿಡಿ, ವೆಲ್ಡಿಂಗ್ ಬೆಳಕು ಏನೂ ಕೂಡದು. ಪಂದ್ಯಕ್ಕೆ ಇದ್ದದ್ದು ಹತ್ತು ವಾರ.

ಮೊದಲನೇ ಆಪರೇಷನ್ ಆದ ವಾರದಲ್ಲೇ ಭಾವ ಕಪ್ಪು ಕನ್ನಡಕ ಹಾಕಿಕೊಂಡು ವರ್ಕ್‌ಶಾಪಿಗೆ ಬಂದರು. ಅಕ್ಕ ಬೇಡವೆಂದು ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. “ಒಳಗೆ ಹೋಗಲ್ಲ, ಆಣೆಗೂ,” ಎಂದು ಮಾತು ಕೊಟ್ಟು ಬಂದಿದ್ದರು. ಹಾಗೇ ನಡೆದುಕೊಂಡರು. ನನ್ನ ಕುರ್ಚಿ ಹಾಕಿಸಿಕೊಂಡು ವರ್ಕ್‌ಶಾಪಿನ ಕಿಟಕಿಯ ಕೆಳಗೆ ಹೊರಗೋಡೆಗೆ ಬೆನ್ನು ಕೊಟ್ಟು ಕೂತರು. ಒಳಗೆ ಗ್ರಾಂಳನ್ನು ಕೂರಿಸಿದರು.

“ನಾನಾ, ಮೇಷ್ಟ್ರೇ?”

“ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳೋ ಧೈರ್ಯ ಇತ್ತಲ್ಲ? ಬೆಸಿ ಈಗ.”

ಅವಳು ರದ್ದಿ ಪೈಪಿನ ಮೇಲೆ ಬೆಸೆಯುವಳು. ಭಾವ ಕಿಟಕಿಯಾಚೆಯಿಂದ ಸದ್ದು ಕೇಳುವರು. ಸರಿಯಾಗಿ ಬೆಸೆದರೆ ಎಣ್ಣೆಯಲ್ಲಿ ಕರಿದಂತೆ ಒಂದೇ ಸಮನೆ ಸದ್ದು ಬರುತ್ತದೆ. “ಕೈ ಓಡ್ತಿದೆ,” ಎನ್ನುವರು. “ದೂರ ಹೋದೆ. ಹತ್ತಿರ ಬಾ. ಈಗ ಉಸಿರು ಹಿಡ್ಕೊಂಡಿದ್ದೀಯ, ಬಿಡು.” ಉಸಿರು ಹಿಡಿದದ್ದು ಸದ್ದಿನಲ್ಲಿ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಅವಳು ಬೆಸೆದ ಪ್ರತಿ ತುಂಡನ್ನೂ ಗರಗಸದಿಂದ ಸೀಳಿ ಒಳಗೆ ನೋಡುತ್ತಿದ್ದಳು, ನೋಡಿ ನಂಬರು ಬರೆದಿಡುತ್ತಿದ್ದಳು. ಮೊದಲ ನೂರು ತುಂಡು ಕೋಳಿ ಹಿಕ್ಕೆಯೇ. ಬೆರಳು ಸುಟ್ಟುಕೊಂಡಳು, ಎರಡು ಸಲ ಅತ್ತಳು, ಮೂರನೇ ಸಲ ಅಳುವಷ್ಟು ಪುರುಸೊತ್ತಿಲ್ಲ ಎಂದಳು. ಇನ್ನೂರ ಹನ್ನೊಂದನೇ ತುಂಡು ಬೆಸೆದು ನಿಲ್ಲಿಸಿದಾಗ ಕಿಟಕಿಯಾಚೆಯಿಂದ ಏನೂ ಕೇಳಲಿಲ್ಲ. ಅವಳು ಹೆಲ್ಮೆಟ್ಟು ಎತ್ತಿ ನನ್ನ ಕಡೆ ನೋಡಿದಳು. ನಾನು ಹೊರಗೆ ಇಣುಕಿದೆ. ಭಾವ ನಿದ್ದೆ ಹೋಗಿರಲಿಲ್ಲ. ಸುಮ್ಮನೆ ಕೂತಿದ್ದರು.

ಎರಡನೇ ಕಣ್ಣಿನ ಕಟ್ಟು ಬಿಚ್ಚಿದ ದಿನ ನಾವೆಲ್ಲ ಅವರ ಮನೆಯಲ್ಲಿದ್ದೆವು. ಭಾವ ಸುತ್ತಲೂ ನೋಡಿ, “ಗೋಡೆಗೆ ಯಾವಾಗ ಸುಣ್ಣ ಹೊಡೆಸಿದ್ರಿ?” ಎಂದರು.

“ನಾಲ್ಕು ವರ್ಷದಿಂದ ಹಾಗೇ ಇದೆ ರೀ.”

ಆಮೇಲೆ ಅಕ್ಕನನ್ನೇ ದಿಟ್ಟಿಸಿದರು. “ಅಲ್ವೇ, ನಿನಗೆ ಇಷ್ಟೊಂದು ಕೂದಲು ನರೆತಿದೆಯಾ?”

“ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತು,” ಎಂದಳು ಅಕ್ಕ. ಎಲ್ಲರೂ ನಕ್ಕರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೊಬ್ಬನೇ ನೋಡಿದೆ.

ಮರುದಿನ ಭಾವ ಚೌಕಟ್ಟನ್ನು ಅಂಗಳಕ್ಕೆ ತರಿಸಿ, ಎದುರು ಸ್ಟೂಲು ಹಾಕಿಕೊಂಡು ಕೂತು ತಮ್ಮ ಕೆಲಸವನ್ನು ಮೊದಲಿನಿಂದ ನೋಡಿದರು. ಬೆಳಿಗ್ಗೆ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ. ಕೊನೆಗೆ ಸೀಮೆಸುಣ್ಣ ತೆಗೆದುಕೊಂಡು ಗುರುತು ಹಾಕಿದರು. ಐದಲ್ಲ, ಹನ್ನೊಂದು.

“ಉಳಿದ ಆರರಲ್ಲಿ ಬಿರುಕಿಲ್ಲ ಮೇಷ್ಟ್ರೇ, ನಾನು ನೋಡಿದ್ದೀನಿ,” ಎಂದಳು ಗ್ರಾಂ.

“ಬಿರುಕಿಲ್ಲ. ಆದ್ರೆ ಚೆನ್ನಾಗಿಲ್ಲ. ಕತ್ತರಿಸಿ.”

ಅವರಿಗೆ ಕಿಡಿಯ ಹತ್ತಿರ ಹೋಗುವಂತಿರಲಿಲ್ಲವಲ್ಲ, ಕಡ್ಡಿಯೇ ಒಳಗೆ ಒಯ್ದು ಕತ್ತರಿಸಿದ. ಗ್ರೈಂಡರಿನ ಸದ್ದು ನಿಲ್ಲುವವರೆಗೂ ಭಾವ ಅಂಗಳದಲ್ಲಿ ಶತಪಥ ಹಾಕುತ್ತಿದ್ದರು. ಹನ್ನೊಂದನ್ನೂ ಗ್ರಾಂ ಹೊಸದಾಗಿ ಬೆಸೆದಳು. ಒಂಬತ್ತು ದಿನ ಹಿಡಿಯಿತು.

ಪಂದ್ಯಕ್ಕೆ ನಾನೂ ಹೋಗಿದ್ದೆ. ಅಂಥ ಜಾಗವನ್ನು ನಾನು ಕಂಡೇ ಇರಲಿಲ್ಲ. ನಲವತ್ತೊಂದು ಕಾಲೇಜಿನ ಮಕ್ಕಳು, ಎಲ್ಲರೂ ನಮ್ಮವರ ಹಾಗೇ. ತಿರುವಿನಲ್ಲಿ ಎಲ್ಲರೂ ಒಳಮೂಲೆ ಸವರಿಕೊಂಡೇ ನಡೆಯುತ್ತಿದ್ದರು, ಯಾರಿಗೂ ಯಾರೂ ಡಿಕ್ಕಿ ಹೊಡೆಯಲಿಲ್ಲ. ನಮ್ಮ ಕಾರು ಬ್ರೇಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಯಿತು. ಬ್ರೇಕ್ ಒತ್ತಿದರೆ ನಾಲ್ಕು ಚಕ್ರವೂ ಒಟ್ಟಿಗೆ ಕಚ್ಚಿ ನಿಲ್ಲಬೇಕು. ಹಿಂದಿನ ಬಲಚಕ್ರ ಜಪ್ಪಯ್ಯ ಎಂದರೂ ನಿಲ್ಲದು. ಪಕ್ಕದ ತಂಡದ ಹುಡುಗನೊಬ್ಬ ಬಂದು, ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿದಿದೆ ಎಂದು ತೋರಿಸಿ, ಎದುರಾಳಿಗಳೆಂಬುದನ್ನೂ ಮರೆತು ಅರ್ಧ ದಿನ ನಮ್ಮವರ ಜೊತೆ ನೆಲದ ಮೇಲೆ ಮಲಗಿ ಕೆಲಸ ಮಾಡಿದ. ಮೂರನೇ ಸಲ ನಾಲ್ಕೂ ಚಕ್ರ ಒಟ್ಟಿಗೆ ಕಿರುಚಿದವು.

ಕೊನೆಯ ದಿನ ಇಪ್ಪತ್ತೆರಡು ಸುತ್ತಿನ ಓಟ. ಕಡ್ಡಿ ಒಳಗೆ ಕೂತ. ಭಾವ ಬೇಲಿಯ ಕಂಬಿ ಹಿಡಿದು ನಿಂತರು. ಹದಿನಾರನೇ ಸುತ್ತಿನಲ್ಲಿ ಕಾರು ತಿರುವಿನ ಅಂಚಿನ ದಿಣ್ಣೆಗೆ ತಾಗಿ ಹಾರಿ ದಡ್ಡೆಂದು ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಭಾವ ಮುಚ್ಚಲಿಲ್ಲ. “ಹೋಗ್ತಿದೆ, ಹೋಗ್ತಿದೆ,” ಎಂದು ನನ್ನ ತೋಳು ಹಿಂಡಿದರು. ಇಪ್ಪತ್ತೆರಡೂ ಮುಗಿಯಿತು. ಆ ಓಟ ಮುಗಿಸಿದವು ಹತ್ತೊಂಬತ್ತು ಕಾರು ಮಾತ್ರ, ಅದರಲ್ಲಿ ನಮ್ಮದು ಹದಿನೇಳನೆಯದು. ಗೆದ್ದವರೂ ಅಷ್ಟು ಕುಣಿದಿರಲಿಕ್ಕಿಲ್ಲ. ಕಡ್ಡಿಯ ತಾಯಿ ಬುತ್ತಿ ಬಿಚ್ಚಿ, ಎಲ್ಲರ ಎದುರಿಗೂ ಮಗನಿಗೆ ಮೂರು ಸಲ ಬಡಿಸಿದರು.

ಭಾವ ಮರುವರ್ಷ ನಿವೃತ್ತರಾದರು. ಗ್ರಾಂ ಈಗ ರೈಲು ಬೋಗಿ ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ, ಅಲ್ಲಿನವರು ಅವಳನ್ನು ಕಂಡರೆ ಹೆದರುತ್ತಾರಂತೆ. ಹಿಂದಿನ ಮೂಲೆಯಲ್ಲಿ ಹೊಸ ತಂಡವಿದೆ. ಭಾವ ವಾರಕ್ಕೆರಡು ದಿನ ಬಂದು ಹೋಗುತ್ತಾರೆ. ಬಂದಾಗೆಲ್ಲ ಏನಾದರೊಂದು ಬೆಸೆದು, ಹೊಸ ಹುಡುಗರನ್ನು ಕರೆದು, “ಬಣ್ಣದ ನೀರು ತನ್ನಿ, ಪರೀಕ್ಷೆ ಮಾಡಿ,” ಎನ್ನುತ್ತಾರೆ. ಅವರು ಸಂಕೋಚಪಟ್ಟರೆ ಬೈಯುತ್ತಾರೆ. ಹೋದ ವಾರ ಒಬ್ಬಳು ಪರೀಕ್ಷೆ ಮಾಡಿ, ಎಲ್ಲ ಸರಿಯಿದೆ ಮೇಷ್ಟ್ರೇ ಎಂದಳು. ಭಾವ ಅವಳ ಕೈಯಿಂದ ಪೈಪು ಇಸಿದುಕೊಂಡು ಬೆಳಕಿಗೆ ಹಿಡಿದು, ತಾವೇ ಇನ್ನೊಂದು ಸಲ ನೋಡಿದರು.